ಹಳೆ ಚಿತ್ರಗಳ ಫೈಲ್ ಹಿಡಿದು ರೋಮ್ ಸುತ್ತಿದ್ದು

ರೋಮ್‌ಗೆ ಹೊರಡುವ ಮುಂಚೆ ಜೆರಾಕ್ಸ್ ಅಂಗಡಿಗೆ ಹೋಗಿ ಒಂದಷ್ಟು ಹಳೆ ಚಿತ್ರಗಳನ್ನು ಪ್ರಿಂಟ್ ಹಾಕಿಸಿದ್ದೆ. ಅರ್ಧದಷ್ಟು 18ನೇ ಶತಮಾನದ ಚಿತ್ರಗಾರ ಪಿರನೇಸಿಯವು. ಮಿಕ್ಕವು 1850ರ ಆಚೀಚೆ ತೆಗೆದ ಫೋಟೋಗಳು. ದೊಡ್ಡ ಮ್ಯೂಸಿಯಂಗಳ ವೆಬ್‌ಸೈಟ್‌ನಲ್ಲಿ ಇವು ಬಿಟ್ಟಿ ಸಿಗುತ್ತವೆ. ಚಿತ್ರಗಾರ ನಿಂತಿದ್ದ ಕಡೆಯೇ ನಿಲ್ಲಬೇಕು, ಹಾಳೆ ಎತ್ತಿ ಹಿಡಿಯಬೇಕು, ಏನು ಉಳಿದಿದೆ, ಏನು ಹೋಗಿದೆ ನೋಡಬೇಕು. ಇಷ್ಟೇ ನನ್ನ ಲೆಕ್ಕಾಚಾರ.

ಜೊತೆಗೆ ಅಕ್ಕ, ಭಾವ. ಭಾವ ಹಾಸನದಲ್ಲಿ ಮನೆ ಕಟ್ಟಿಸುವ ಕಾಂಟ್ರಾಕ್ಟರ್. ಯಾವ ಊರಿಗೆ ಹೋದರೂ ಅವರ ಕಣ್ಣು ಮೊದಲು ಹೋಗುವುದು ಗೋಡೆಯ ಮೂಲೆಗೆ, ನೇರ ಇದೆಯಾ ಅಂತ. ಅಕ್ಕನದು ಒಂದೇ ಷರತ್ತು: ಊಟ ಆದಮೇಲೆ ಒಂದು ಗಂಟೆ ಎಲ್ಲಾದರೂ ಕೂರಬೇಕು.

ಸೋಮವಾರ

ವಿಮಾನ ಇಳಿದು, ರೂಮ್ ಸೇರಿ, ಸ್ನಾನ ಮಾಡುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಸಂಜೆ ಕ್ಯಾಪಿಟೋಲಿನ್ ಗುಡ್ಡದ ಹಿಂಬದಿಗೆ ನಡೆದೆವು. ಇಲ್ಲಿಗೆ ಟಿಕೆಟ್ ಬೇಡ. ಕಟ್ಟೆಗೆ ಒರಗಿ ನಿಂತರೆ ಇಡೀ ಫೋರಂ, ಅಂದರೆ ಪ್ರಾಚೀನ ರೋಮ್‌ನ ನಡುಮಧ್ಯದ ಚೌಕ, ಕೆಳಗೆ ಕಾಣುತ್ತದೆ. ರೋಮ್‌ಗೆ ಬಂದ ಮೊದಲ ದಿನ ಯಾರಾದರೂ ಇಲ್ಲಿಗೇ ಬರಲಿ ಅಂತ ನನ್ನ ಸಲಹೆ.

ಫೈಲ್‌ನಿಂದ ತೆಗೆದ ಮೊದಲ ಹಾಳೆ ಪಿರನೇಸಿಯದು. ಜೊವಾನಿ ಬತಿಸ್ತಾ ಪಿರನೇಸಿ ಹುಟ್ಟಿದ್ದು 1720ರಲ್ಲಿ, ವೆನಿಸ್ ಹತ್ತಿರದ ಊರಲ್ಲಿ. ಕಲಿತದ್ದು ಕಟ್ಟಡ ಕಟ್ಟುವ ವಿದ್ಯೆ. 1740ರಲ್ಲಿ ರೋಮ್‌ಗೆ ಬಂದವನು ಕೊನೆಗೆ ಹೆಸರು ಮಾಡಿದ್ದು ಹಾಳುಬಿದ್ದ ಕಟ್ಟಡಗಳ ಚಿತ್ರದಿಂದ. ತಾಮ್ರದ ತಗಡಿಗೆ ಮೇಣ ಬಳಿದು, ಸೂಜಿಯಿಂದ ಗೀರಿ, ಆಸಿಡ್‌ಗೆ ಹಾಕಿದರೆ ಗೀರಿದ ಕಡೆ ಮಾತ್ರ ತಾಮ್ರ ಕರಗುತ್ತದೆ. ಅದಕ್ಕೆ ಮಸಿ ತುಂಬಿ ಅಚ್ಚು ಒತ್ತುವುದು. ಕಪ್ಪು ನೆರಳು ಬೇಕಾದ ಕಡೆ ಅವನು ಮತ್ತೆ ಮತ್ತೆ ಆಸಿಡ್ ಕುಡಿಸುತ್ತಿದ್ದ. ರೋಮ್ ನೋಟಗಳ ಒಂದೇ ಸರಣಿಯಲ್ಲಿ 135 ಚಿತ್ರಗಳಿವೆ. ಇಂಗ್ಲೆಂಡ್‌ನಿಂದ ದೇಶ ನೋಡಲು ಬರುತ್ತಿದ್ದ ಶ್ರೀಮಂತರ ಮಕ್ಕಳು ಕೊಂಡುಕೊಂಡು ಹೋಗುತ್ತಿದ್ದರು.

ಹಾಳೆಯಲ್ಲಿ ಫೋರಂ ಇಲ್ಲ, ಬಯಲಿದೆ. ನಡುವೆ ಮರಗಳ ಸಾಲು, ದನ, ಗಾಡಿ, ಮಲಗಿರುವ ಜನ. ಟೈಬರ್ ನದಿಯ ಪ್ರವಾಹದ ಮಣ್ಣು, ಬಿದ್ದ ಕಟ್ಟಡಗಳ ಕಲ್ಲುಮಣ್ಣು, ಊರಿನವರು ತಂದು ಸುರಿದ ಕಸ ಎಲ್ಲ ಸೇರಿ ಸಾಮ್ರಾಜ್ಯದ ಎದೆಯ ಮೇಲೆ ದನದ ಸಂತೆ ನಡೆಯುತ್ತಿತ್ತು. ನಾವು ನಿಂತ ಕಟ್ಟೆಯ ಕೆಳಗೇ ಚಕ್ರವರ್ತಿ ವೆಸ್ಪಾಸಿಯನ್ ಗುಡಿಯ ಮೂರು ಕಂಬಗಳಿವೆ. ಈಗ ಸುಮಾರು 15 ಮೀಟರ್ ಎತ್ತರ. ಪಿರನೇಸಿಯ ಹಾಳೆಯಲ್ಲಿ ಅವುಗಳ ತಲೆಯ ಭಾಗ ಮಾತ್ರ ನೆಲದ ಮೇಲಿದೆ.

"ಹಂಗಾದ್ರೆ ಮಣ್ಣು ತೆಗೆದಾಗ ಬೀಳ್ಲಿಲ್ವಾ?" ಭಾವನ ಮೊದಲ ಪ್ರಶ್ನೆ. ಒಳ್ಳೆಯ ಪ್ರಶ್ನೆಯೇ. 1810ರ ಆಚೀಚೆ, ಫ್ರೆಂಚರ ಆಡಳಿತದಲ್ಲಿ ಅಗೆಯಲು ಹೋದಾಗ ಬುನಾದಿ ಸಡಿಲ ಅಂತ ಗೊತ್ತಾಯಿತು. ಮೇಲಿನ ಕಲ್ಲಿನ ತೊಲೆಗಳನ್ನು ಬಿಚ್ಚಿ ಇಳಿಸಿ, ಬುನಾದಿ ಭದ್ರ ಮಾಡಿ, ಕಂಬ ನೆಟ್ಟಗೆ ನಿಲ್ಲಿಸಿ, ಮತ್ತೆ ತೊಲೆ ಏರಿಸಿದರು. ಅಂದರೆ ನಾವು ನೋಡುತ್ತಿರುವ ಈ ಹಾಳು 200 ವರ್ಷದ ಹಿಂದೆ ರಿಪೇರಿ ಆದದ್ದು. ಭಾವನಿಗೆ ಆಗ ಮನಸ್ಸು ಹತ್ತಿತು. ಅಲ್ಲಿಂದ ಮುಂದೆ ಫೈಲ್ ಅವರ ಕೈಯಲ್ಲೇ ಇತ್ತು.

ಮಂಗಳವಾರ

ಬೆಳಿಗ್ಗೆಯೇ ಫೋರಂ ಒಳಗೆ. ಟಿಕೆಟ್ ಆನ್‌ಲೈನ್‌ನಲ್ಲಿ ಮೊದಲೇ ತಗೊಳ್ಳಿ, ಪಾಸ್‌ಪೋರ್ಟ್ ಜೊತೆಗಿರಲಿ. ನೆರಳು ಕಮ್ಮಿ, ನಲ್ಲಿ ನೀರು ಅಲ್ಲಲ್ಲಿ ಸಿಗುತ್ತದೆ.

ಚಕ್ರವರ್ತಿ ಸೆಪ್ಟಿಮಿಯಸ್ ಸೆವೆರಸ್‌ನ ಕಮಾನು ಕ್ರಿ.ಶ. 203ರದು. ಪಿರನೇಸಿಯ ಕಾಲದಲ್ಲಿ ಇದೂ ಅರ್ಧ ಹೂತಿತ್ತು, 1803ರಲ್ಲಿ ಬುಡ ಬಿಡಿಸಿದರು. ತಲೆ ಎತ್ತಿ ಶಾಸನ ನೋಡಿ. ಸೆವೆರಸ್‌ಗೆ ಇಬ್ಬರು ಮಕ್ಕಳು, ಕಾರಕಲ್ಲ ಮತ್ತು ಗೇಟ. ಅಪ್ಪ ಸತ್ತ ಮೇಲೆ ಅಣ್ಣ ತಮ್ಮನನ್ನು ಕೊಲ್ಲಿಸಿ, ಅವನ ಹೆಸರನ್ನು ಎಲ್ಲ ಕಡೆ ಅಳಿಸಿದ. ಇಲ್ಲಿ ನಾಲ್ಕನೇ ಸಾಲನ್ನು ಕೆರೆದು ಬೇರೆ ಬಿರುದು ತುಂಬಿಸಿದ್ದಾರೆ. ಆದರೆ ಮೊದಲಿದ್ದ ಲೋಹದ ಅಕ್ಷರ ಕೂರಿಸಲು ಕೊರೆದ ತೂತುಗಳು ಉಳಿದುಬಿಟ್ಟಿವೆ. ಆ ತೂತುಗಳಿಂದಲೇ ಗೇಟನ ಹೆಸರು ಓದಿದ್ದಾರೆ.

ಪಿರನೇಸಿಯ ದನದ ಬಯಲಿನಲ್ಲಿ ಕ್ಯಾಸ್ಟರ್ ಗುಡಿಯ ಕಂಬಗಳ ಹತ್ತಿರ ದೊಡ್ಡ ಗ್ರಾನೈಟ್ ತೊಟ್ಟಿ ಇದೆ. ದನ ನೀರು ಕುಡಿಯುತ್ತಿವೆ. ತೊಟ್ಟಿ ಈಗ ಅಲ್ಲಿಲ್ಲ. 1818ರಲ್ಲಿ ಅದನ್ನು ಕ್ವಿರಿನಾಲೆ ಗುಡ್ಡಕ್ಕೆ ಸಾಗಿಸಿ ಕಾರಂಜಿಗೆ ಕೂರಿಸಿದರು. ಇವತ್ತು ಇಟಲಿಯ ರಾಷ್ಟ್ರಪತಿ ಭವನದ ಎದುರಿಗಿರುವುದು ಅದೇ ದನದ ಬಾನಿ.

ನನಗೆ ಇಡೀ ಫೋರಂನಲ್ಲಿ ಇಷ್ಟವಾದದ್ದು ಒಂದು ಬಾಗಿಲು. ಆಂಟೊನಿನಸ್ ಮತ್ತು ಫೌಸ್ಟಿನ ದಂಪತಿಯ ಗುಡಿ ಕ್ರಿ.ಶ. 141ರದು. ಮುಂದೆ ಒಂದೊಂದೂ 17 ಮೀಟರ್‌ನ ಏಕಶಿಲೆಯ ಕಂಬಗಳು. ಹಿಂದೆ ಚರ್ಚು, ಗುಡಿಯ ಹೊಟ್ಟೆಯೊಳಗೇ ಕಟ್ಟಿದ್ದು. ಚರ್ಚಿನ ಮುಂಬಾಗಿಲು ನಮ್ಮ ತಲೆಗಿಂತ ಎಷ್ಟೋ ಮೇಲೆ, ಗಾಳಿಯಲ್ಲಿ ಇದೆ. ಮೆಟ್ಟಿಲಿಲ್ಲ, ಏಣಿಯಿಲ್ಲ. 1602ರಲ್ಲಿ ಆ ಮುಖ ಕಟ್ಟಿದಾಗ ನೆಲ ಅಷ್ಟು ಎತ್ತರದಲ್ಲಿತ್ತು. ಜನ ನಡೆದುಕೊಂಡೇ ಒಳಗೆ ಹೋಗುತ್ತಿದ್ದರು. ಆಮೇಲೆ ಅಗೆದವರು ನೆಲವನ್ನೇ ತೆಗೆದುಬಿಟ್ಟರು. ಭಾವ ಹತ್ತಿರ ಹೋಗಿ ಕಂಬದ ಮೇಲಿನ ಓರೆ ಗೀರುಗಳನ್ನು ತೋರಿಸಿದರು. ಹಗ್ಗ ಕಟ್ಟಿ ಎಳೆದು ಬೀಳಿಸಲು ನೋಡಿದ ಗುರುತು ಅನ್ನುತ್ತಾರೆ. "ಬಿದ್ದಿಲ್ಲ ನೋಡಯ್ಯ, ಒಂದೇ ಕಲ್ಲು" ಅಂದರು, ತಾವೇ ನಿಲ್ಲಿಸಿದವರಂತೆ.

ವೆಸ್ಟಾ ದೇವಿಯ ಪೂಜಾರಿಣಿಯರ ಮನೆ ಅಲ್ಲೇ ಪಕ್ಕದಲ್ಲಿದೆ. ಎಲ್ಲರೂ ಅಂಗಳದ ಮೂರ್ತಿಗಳ ಫೋಟೋ ತೆಗೆದು ಹೊರಡುತ್ತಾರೆ. ನೀವು ಇಟ್ಟಿಗೆ ನೋಡಿ. 1907ರಲ್ಲಿ ಎಸ್ತರ್ ವಾನ್ ಡೆಮನ್ ಎಂಬ ಅಮೆರಿಕದ ವಿದ್ವಾಂಸೆ ಇಲ್ಲೊಂದು ಉಪನ್ಯಾಸ ಕೇಳುತ್ತಿದ್ದರು. ಆಗ ಅವರ ಕಣ್ಣು ಒಂದು ಮುಚ್ಚಿದ ಬಾಗಿಲ ಮೇಲೆ ಬಿತ್ತು. ಬಾಗಿಲು ಮುಚ್ಚಲು ಬಳಸಿದ ಇಟ್ಟಿಗೆಗೂ ಗೋಡೆಯ ಇಟ್ಟಿಗೆಗೂ ವ್ಯತ್ಯಾಸ ಇತ್ತು. ಇಟ್ಟಿಗೆಯ ದಪ್ಪ, ಗಾರೆಯ ಪದರ ಅಳೆದರೆ ಕಟ್ಟಡದ ಕಾಲ ಹೇಳಬಹುದು ಅನ್ನುವ ದಾರಿ ಅಲ್ಲಿಂದ ತೆರೆಯಿತು. ಇದನ್ನು ಹೇಳಿದ್ದೇ ತಪ್ಪಾಯಿತು, ಭಾವ ಪ್ರತಿ ಗೋಡೆಗೂ ಬೆರಳಿಟ್ಟು ಅಳೆಯುತ್ತಾ ಹಿಂದೆ ಉಳಿದರು. ಅಕ್ಕ ಒಂದು ಗಂಟೆ ಅಲ್ಲ, ಎರಡು ಗಂಟೆ ಕೂತಳು.

ಬುಧವಾರ

ಕೊಲೋಸಿಯಂ. ವೆಸ್ಪಾಸಿಯನ್ ಶುರು ಮಾಡಿಸಿದ, ಮಗ ಟೈಟಸ್ ಕ್ರಿ.ಶ. 80ರಲ್ಲಿ ಉದ್ಘಾಟನೆ ಮಾಡಿದ. ಉದ್ದ 188 ಮೀಟರ್, ಅಗಲ 156. ಈ ಅಂಕಿ ಎಲ್ಲರಿಗೂ ಗೊತ್ತು. ನಾನು ಮೊದಲು ಹುಡುಕಿದ್ದು ಒಂದು ಇಟ್ಟಿಗೆಯ ಗೋಪುರವನ್ನು.

ರಾಬರ್ಟ್ ಮ್ಯಾಕ್‌ಫರ್ಸನ್ ಸ್ಕಾಟ್ಲೆಂಡಿನವನು. ಓದಿದ್ದು ಡಾಕ್ಟರಿಕೆ, ರೋಮ್‌ಗೆ ಬಂದು ಚಿತ್ರಗಾರನಾದ, 1851ರಿಂದ ಫೋಟೋಗ್ರಾಫರ್. ಅವನ ಕಾಲದ ಕೊಲೋಸಿಯಂ ಫೋಟೋಗಳಲ್ಲಿ ಕಾನ್‌ಸ್ಟಂಟೈನ್ ಕಮಾನಿನ ಹತ್ತಿರ ಒಂದು ಮೊಂಡು ಇಟ್ಟಿಗೆ ಶಂಕು ಕಾಣುತ್ತದೆ. ಪಿರನೇಸಿಯಲ್ಲೂ ಇದೆ. ಅದರ ಹೆಸರು ಮೇಟ ಸೂದನ್ಸ್, ಡೊಮಿಶಿಯನ್ ಕಾಲದ ಕಾರಂಜಿಯ ಬುಡ. ಸಾಮ್ರಾಜ್ಯ ಹೋಯಿತು, ಭೂಕಂಪ ಆಯಿತು, ಅದು ಮಾತ್ರ 1800 ವರ್ಷಕ್ಕೂ ಜಾಸ್ತಿ ನಿಂತಿತ್ತು. 1936ರಲ್ಲಿ ಮುಸೊಲಿನಿ ಸರ್ಕಾರ ಒಡೆದು ಹಾಕಿತು. ಮೆರವಣಿಗೆಗೆ ಅಡ್ಡ ಬರುತ್ತಿತ್ತು. 1932ರಲ್ಲೇ ಕೊಲೋಸಿಯಂವರೆಗೆ ನೇರ ರಸ್ತೆ ಬೇಕು ಅಂತ ಒಂದು ದಿಬ್ಬವನ್ನೂ ಅದರ ಮೇಲಿನ ಮನೆಗಳನ್ನೂ ಕಡಿದು ಹಾಕಿದ್ದರು. ಹಾಳೆ ಎತ್ತಿ ಹಿಡಿದು ನಿಂತರೆ ಆ ಶಂಕು ಇರಬೇಕಾದ ಕಡೆ ಸೆಲ್ಫಿ ತೆಗೆಯುವ ಜನ. ಪ್ರಾಚೀನ ರೋಮ್ ಹಾಳಾದದ್ದು ಪ್ರಾಚೀನ ಕಾಲದಲ್ಲೇ ಅಂತ ನಾವು ಅಂದುಕೊಂಡಿರುತ್ತೇವೆ, ಅಲ್ವಾ? ಇದು ನಮ್ಮ ಅಜ್ಜಂದಿರ ಕಾಲದ ಕೆಲಸ.

ಗೋಡೆ ತುಂಬಾ ಮುಷ್ಟಿ ಗಾತ್ರದ ಗುಂಡಿಗಳಿವೆ. ಕಲ್ಲಿಗೆ ಕಲ್ಲು ಹಿಡಿಸಲು ಹಾಕಿದ್ದ ಕಬ್ಬಿಣದ ಕೊಕ್ಕೆಗಳನ್ನು ಮಧ್ಯಯುಗದಲ್ಲಿ ಕಿತ್ತುಕೊಂಡ ಗುರುತು. "ಸ್ಕ್ರಾಪ್ ರೇಟು ಚೆನ್ನಾಗಿತ್ತೇನೋ" ಅಂದರು ಭಾವ. ಕಮಾನುಗಳ ಮೇಲೆ ದ್ವಾರದ ನಂಬರ್ ಕೊರೆದಿದ್ದಾರೆ. ಒಟ್ಟು 76 ನಂಬರ್ ಇದ್ದವು. ಹೊರಗಿನ ಗೋಡೆ ಉಳಿದ ಕಡೆ ಈಗ 23ರಿಂದ 54ರವರೆಗೆ ಓದಬಹುದು. ದಕ್ಷಿಣದ ಕಡೆ 1349ರ ಭೂಕಂಪದಲ್ಲಿ ಕುಸಿಯಿತು, ಆ ಕಲ್ಲು ಊರಿನ ಕಟ್ಟಡಗಳಿಗೆ ಹೋಯಿತು.

ಆಮೇಲೆ ಗೋಡೆಯ ಎರಡು ತುದಿಗೆ ಹೋದೆವು. ನನ್ನ ಪ್ರಕಾರ ಕೊಲೋಸಿಯಂನಲ್ಲಿ ನೋಡಲೇಬೇಕಾದ್ದು ಇದು, ಒಳಗಿನದಲ್ಲ. 19ನೇ ಶತಮಾನದ ಆರಂಭದಲ್ಲಿ ಭೂಕಂಪಕ್ಕೆ ಪೂರ್ವದ ತುದಿ ಬೀಳುವ ಸ್ಥಿತಿಗೆ ಬಂತು. ವಾಸ್ತುಶಿಲ್ಪಿ ರಾಫಾಯೆಲೆ ಸ್ಟೆರ್ನ್ 1806ರ ಹೊತ್ತಿಗೆ ಅಲ್ಲಿಗೆ ಓರೆಯಾದ ಇಟ್ಟಿಗೆ ಆಸರೆ ಕೊಟ್ಟ, ಪಕ್ಕದ ಕಮಾನುಗಳನ್ನು ಇಟ್ಟಿಗೆಯಿಂದ ತುಂಬಿಸಿದ. ಕಮಾನಿನ ಕಲ್ಲುಗಳು ಕೆಳಗೆ ಜಾರುತ್ತಿದ್ದವಲ್ಲ, ಅವನ್ನು ಸರಿ ಮಾಡಲಿಲ್ಲ. ಜಾರಿದ ಹಾಗೇ ಹಿಡಿದು ನಿಲ್ಲಿಸಿದ. "ಜಾರೋ ನೆರಿಗೆಗೆ ಪಿನ್ ಹಾಕಿದ ಹಾಗಿದೆ" ಅಂದಳು ಅಕ್ಕ. ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ. ಪಶ್ಚಿಮದ ತುದಿಯಲ್ಲಿ ವಾಲದಿಯೆರ್ ಎಂಬ ಇನ್ನೊಬ್ಬ ವಾಸ್ತುಶಿಲ್ಪಿ 1826ರಲ್ಲಿ ಬೇರೆ ದಾರಿ ಹಿಡಿದ. ಹಳೆಯದರ ಹಾಗೇ ಕಾಣುವ ಕಮಾನುಗಳನ್ನು ಇಟ್ಟಿಗೆಯಲ್ಲಿ ಮಾಡಿ ಸೇರಿಸಿದ. ದೂರದಿಂದ ಗೊತ್ತಾಗುವುದಿಲ್ಲ. ಭಾವನ ವೋಟು ವಾಲದಿಯೆರ್‌ಗೆ, "ಕೆಲಸ ಅಂದ್ರೆ ನೀಟಾಗಿರಬೇಕು". ನನ್ನದು ಸ್ಟೆರ್ನ್‌ಗೆ. ಕಟ್ಟಡ ಬೀಳುತ್ತಿದ್ದ ಗಳಿಗೆಯೇ ಗೋಡೆಯಲ್ಲಿ ಉಳಿದಿದೆ. ಕ್ಯಾಮೆರಾ ಬರುವುದಕ್ಕೆ ಮುಂಚೆ ಇಟ್ಟಿಗೆಯಲ್ಲಿ ತೆಗೆದ ಫೋಟೋ ಅದು. ಊಟದ ಟೇಬಲ್ ತನಕ ಜಗಳ ನಡೆಯಿತು.

ಹಳೆ ಚಿತ್ರಗಳಲ್ಲಿ ಕೊಲೋಸಿಯಂ ಮೈಮೇಲೆಲ್ಲ ಗಿಡ, ಬಳ್ಳಿ. ರಿಚರ್ಡ್ ಡೀಕಿನ್ ಎಂಬ ಇಂಗ್ಲಿಷ್ ವೈದ್ಯ 1855ರಲ್ಲಿ ಇಲ್ಲಿ 420 ಜಾತಿಯ ಗಿಡ ಗುರುತಿಸಿ ಪಟ್ಟಿ ಮಾಡಿದ್ದ. 1871ರಲ್ಲಿ ಎಲ್ಲವನ್ನೂ ಕಿತ್ತು ಗೋಡೆ ಬೋಳು ಮಾಡಿದರು. ಗೋಡೆಗೆ ಒಳ್ಳೆಯದೇ ಆಯಿತು, ಬೇರು ಇಳಿದರೆ ಕಲ್ಲು ಸೀಳುತ್ತದೆ. ಆದರೂ ಡೀಕಿನ್‌ನ ಕೊಲೋಸಿಯಂ ನೋಡಬೇಕಿತ್ತು ಅನ್ನಿಸದೆ ಇರಲಿಲ್ಲ.

ರೋಮ್‌ನಲ್ಲಿ ಜಾಕೊಮೊ ಕನೇವ ಮತ್ತು ಅವನ ಗೆಳೆಯರು ಕಾಗದದ ನೆಗೆಟಿವ್ ಮೇಲೆ ಫೋಟೋ ತೆಗೆಯುತ್ತಿದ್ದ ದಶಕದಲ್ಲೇ, 1856ರಲ್ಲಿ, ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯಲ್ಲಿ ಮೇಣದ ಕಾಗದದ ನೆಗೆಟಿವ್ ಹಿಡಿದು ಓಡಾಡುತ್ತಿದ್ದ. ಅವನ ಫೋಟೋದಲ್ಲಿ ವಿಠ್ಠಲ ಗುಡಿಯ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರ ಇದೆ. ಈಗ ಇಲ್ಲ. ಐವತ್ತು ರೂಪಾಯಿ ನೋಟಿನ ಮೇಲಿನ ರಥಕ್ಕೂ ಇಲ್ಲ. ಆ ಫೋಟೋ ಉಳಿಯದಿದ್ದರೆ ರಥ ಮೊದಲಿಂದಲೂ ಬೋಳು ಅಂತಲೇ ನಂಬಿರುತ್ತಿದ್ದೆವು.

ಗುರುವಾರ

ಬೆಳಿಗ್ಗೆಯಿಂದ ಮಳೆ. ಹಳೆ ರೋಮನ್ ಗುಡಿ ಪ್ಯಾಂಥಿಯಾನ್‌ಗೆ ಇದೇ ಸರಿಯಾದ ದಿನ. 2023ರಲ್ಲಿ ಐದು ಯೂರೋ ಟಿಕೆಟ್ ಶುರು ಮಾಡಿದರು. ಗುಮ್ಮಟದ ನೆತ್ತಿಯ ಕಂಡಿಯಿಂದ ಮಳೆ ನೇರ ಒಳಗೆ ಬೀಳುತ್ತದೆ. ಸುತ್ತ ಹಗ್ಗ ಕಟ್ಟಿದ್ದಾರೆ, ನೆಲದ ಅಮೃತಶಿಲೆಯಲ್ಲಿ ಸಣ್ಣ ತೂತುಗಳು, ನೀರು ಸದ್ದಿಲ್ಲದೆ ಇಳಿದುಹೋಗುತ್ತದೆ. ಚಕ್ರವರ್ತಿ ಹ್ಯಾಡ್ರಿಯನ್ ಕಾಲದ ಈ ಗುಮ್ಮಟದ ಅಡ್ಡಳತೆ 43.3 ಮೀಟರ್. ಕಬ್ಬಿಣದ ಸರಳಿಲ್ಲದ ಕಾಂಕ್ರೀಟ್ ಗುಮ್ಮಟಗಳಲ್ಲಿ ಇವತ್ತಿಗೂ ಇದೇ ದೊಡ್ಡದು.

"ಸ್ಟೀಲ್ ಇಲ್ದೆ?" ಭಾವ ಎರಡು ಸಲ ಕೇಳಿದರು. ಸುಣ್ಣಕ್ಕೆ ಜ್ವಾಲಾಮುಖಿಯ ಬೂದಿ ಸೇರಿಸಿದ ಗಾರೆ. ಜಲ್ಲಿ ಮಾತ್ರ ಎಲ್ಲ ಕಡೆ ಒಂದೇ ಅಲ್ಲ. ಕೆಳಗೆ ಭಾರದ ಕಲ್ಲು, ಮೇಲೆ ಹೋದಂತೆ ಹಗುರ, ನೆತ್ತಿಯ ಹತ್ತಿರ ನೀರಲ್ಲಿ ತೇಲುವಂಥ ಪ್ಯೂಮಿಸ್. ದಪ್ಪವೂ ಬುಡದಲ್ಲಿ ಆರು ಮೀಟರ್ ದಾಟಿದ್ದು ಕಂಡಿಯ ಅಂಚಿಗೆ ಬರುವಾಗ ಸುಮಾರು 1.2 ಮೀಟರ್. ಭಾವ ತಲೆ ಎತ್ತಿ ನಿಂತವರು ಬಹಳ ಹೊತ್ತು ಇಳಿಸಲಿಲ್ಲ. "ಸೆಂಟ್ರಿಂಗ್ ಹೊಡೆದವನು ಯಾರೋ" ಅಂತ ಮಾತ್ರ ಅಂದರು. ನಿಜ, ಗುಮ್ಮಟ ಒಣಗುವ ತನಕ ಅದನ್ನು ಹೊತ್ತ ಮರದ ಕೆಲಸದ ಬಗ್ಗೆ ಯಾರೂ ಮಾತಾಡುವುದಿಲ್ಲ.

ಫೈಲ್‌ನಲ್ಲಿ ಪನೀನಿ ಎಂಬ ಚಿತ್ರಗಾರ 1734ರ ಸುಮಾರಿಗೆ ಬರೆದ ಒಳನೋಟ ಇತ್ತು. ಮೂಲ ಈಗ ವಾಷಿಂಗ್ಟನ್‌ನಲ್ಲಿದೆ. ಅದರಲ್ಲಿ ನೆಲ, ಕಂಬ, ಗುಮ್ಮಟ, ಕಂಡಿ, ಬಿಸಿಲ ಬಿಲ್ಲೆ ಎಲ್ಲ ಒಟ್ಟಿಗೆ ಕಾಣುತ್ತದೆ. ಒಳಗೆ ಎಲ್ಲಿ ನಿಂತರೂ ಹಾಗೆ ಕಾಣುವುದಿಲ್ಲ. ನಾವು ಮೂವರೂ ಮೂಲೆ ಮೂಲೆಗೆ ಹೋಗಿ ಪ್ರಯತ್ನಿಸಿದೆವು. ಕಣ್ಣು ಆಡಿಸಿ ನೋಡಿದ್ದನ್ನು ಅವನು ಒಂದೇ ಚೌಕಟ್ಟಿಗೆ ತಂದಿದ್ದಾನೆ. ಸುಳ್ಳೇ, ಆದರೆ ಆ ಜಾಗದಲ್ಲಿ ನಿಂತಾಗ ಆಗುವ ಅನುಭವಕ್ಕೆ ನನ್ನ ಮೊಬೈಲ್ ಫೋಟೋಗಿಂತ ಆ ಸುಳ್ಳೇ ಹತ್ತಿರ.

ಹೊರಗೆ ಬಂದು ಪಿರನೇಸಿಯ ಹಾಳೆ ತೆಗೆದೆ. ಮುಖಮಂಟಪದ ಹಿಂದೆ ಎರಡು ಗಂಟೆ ಗೋಪುರ! 17ನೇ ಶತಮಾನದಲ್ಲಿ ಪೋಪ್ ಎಂಟನೇ ಅರ್ಬನ್ ಕಟ್ಟಿಸಿದ್ದವು. ಊರವರು ಕತ್ತೆ ಕಿವಿ ಅಂತ ಆಡಿಕೊಳ್ಳುತ್ತಿದ್ದರಂತೆ. 1883ರಲ್ಲಿ ತೆಗೆದರು. ಹಾಗಾಗಿ ಮೊದಮೊದಲ ಫೋಟೋಗಳಲ್ಲೂ ಈ ಕಿವಿಗಳಿವೆ.

ಶುಕ್ರವಾರ

ಕಾಲು ನೋವಿನ ದಿನ. ಮಾರ್ಸೆಲಸ್ ರಂಗಮಂದಿರದ ಹಳೆ ಫೋಟೋಗಳಲ್ಲಿ ಕೆಳಗಿನ ಕಮಾನಿಗೊಂದು ಅಂಗಡಿ. 1926ರಿಂದ 1932ರ ನಡುವೆ ಎಲ್ಲರನ್ನೂ ಎಬ್ಬಿಸಿದರು. ಮೇಲಿನ ಅಂತಸ್ತಿನಲ್ಲಿ ಮಾತ್ರ ಇವತ್ತಿಗೂ ಮನೆಗಳಿವೆ. ಈ ಸುತ್ತಲಿನ ಗಲ್ಲಿಗಳು ಹೋಗುವ ಮುಂಚೆ ಎತೊರೆ ರೋಸ್ಲರ್ ಫ್ರಾನ್ಸ್ ಎಂಬವನು 120 ಜಲವರ್ಣ ಚಿತ್ರ ಮಾಡಿಟ್ಟ.

ಪಕ್ಕದ ಒಕ್ಟೇವಿಯಾ ಮಂಟಪ ಶತಮಾನಗಳ ಕಾಲ ಮೀನು ಮಾರ್ಕೆಟ್ ಆಗಿತ್ತು. ಅಲ್ಲೊಂದು ಅಮೃತಶಿಲೆಯ ಫಲಕ ಇದೆ: ಈ ಕಲ್ಲಿಗಿಂತ ಉದ್ದದ ಮೀನು ಸಿಕ್ಕರೆ ತಲೆಯನ್ನು ಮೊದಲ ರೆಕ್ಕೆಯ ತನಕ ಕತ್ತರಿಸಿ ನಗರಾಡಳಿತದವರಿಗೆ ಕೊಡಬೇಕು. ಮಾಮೂಲಿಯನ್ನು ಕಲ್ಲಲ್ಲೇ ಕೆತ್ತಿಸಿದ ಧೈರ್ಯ ಮೆಚ್ಚಬೇಕು.

ಸಂಜೆ ಅವೆಂಟೈನ್ ಗುಡ್ಡ. ಒಂದು ಹಸಿರು ಬಾಗಿಲ ಕೀಲಿಕಂಡಿಯಲ್ಲಿ ಸೇಂಟ್ ಪೀಟರ್ಸ್ ಗುಮ್ಮಟ ಕಾಣುತ್ತದೆ ಅಂತ ಉದ್ದದ ಕ್ಯೂ. ಆ ಚೌಕವನ್ನು 1765ರಲ್ಲಿ ರೂಪಿಸಿದ್ದು ಪಿರನೇಸಿ. ಗೋಡೆಯ ಹಿಂದಿನ ಚರ್ಚು ಅವನು ಕಟ್ಟಿದ ಒಂದೇ ಕಟ್ಟಡ. ಸಮಾಧಿಯೂ ಅಲ್ಲೇ. ಕ್ಯೂನಲ್ಲಿದ್ದವರು ಬಗ್ಗಿ ನೋಡಿ, ಫೋಟೋ ಹೊಡೆದು, ಅವನ ಹೆಸರು ಕೇಳದೆ ಹೋಗುತ್ತಿದ್ದರು.

ಕಾರಕಲ್ಲನ ಸ್ನಾನಗೃಹವನ್ನು ಹೊರಗಿನಿಂದ ನೋಡಿದ್ದಷ್ಟೇ. ಪಿರನೇಸಿಯ ಚಿತ್ರ ನೋಡಿ ಆಸೆ ಇಟ್ಟುಕೊಂಡು ಬಂದಿದ್ದ ಜರ್ಮನ್ ಕವಿ ಗಯಟೆಗೆ ಇಲ್ಲಿ ನಿರಾಸೆಯಾಗಿತ್ತು. ಪಿರನೇಸಿ ಗೋಡೆಯನ್ನು ಇದ್ದದ್ದಕ್ಕಿಂತ ಎತ್ತರ ಮಾಡಿ, ಬುಡದಲ್ಲಿ ಜನರನ್ನು ಇರುವೆಯಷ್ಟು ಮಾಡುತ್ತಿದ್ದ. ಆದರೆ ಕಲ್ಲು ಹೇಗೆ ಕೂರಿಸಿದ್ದಾರೆ, ಗಾರೆ ಎಲ್ಲಿ ಉದುರಿದೆ ಅನ್ನುವುದರಲ್ಲಿ ಮೋಸ ಮಾಡಲಿಲ್ಲ. ಅಷ್ಟು ನಂಬಿಕೆಯಿಂದ ಭಾವ ಅವನ ಹಾಳೆಗಳನ್ನು ನೋಡುತ್ತಿದ್ದರು.

ಶನಿವಾರ

ಮೆಟ್ರೋ ಹಿಡಿದು ಊರಾಚೆಯ ಮೇಲ್ಗಾಲುವೆ ಪಾರ್ಕಿಗೆ. ಟಿಕೆಟ್ ಇಲ್ಲ, ಗಲಾಟೆ ಇಲ್ಲ. ಆಕ್ವಾ ಕ್ಲಾಡಿಯಾ ಕಾಲುವೆಯ ಕಮಾನುಗಳು ಹುಲ್ಲಿನ ಮಧ್ಯೆ ಸಾಲಾಗಿ ನಿಂತಿವೆ. ಕಾಲುವೆಯ ಒಟ್ಟು ಉದ್ದ ಸುಮಾರು 69 ಕಿಲೋಮೀಟರ್, ಜಾಸ್ತಿ ಭಾಗ ನೆಲದಡಿ. ಮ್ಯಾಕ್‌ಫರ್ಸನ್ ಇಲ್ಲಿ ಫೋಟೋ ತೆಗೆದಾಗ ಸುತ್ತ ಬರೀ ಬಯಲು. ಈಗ ಹಿಂದೆ ಅಪಾರ್ಟ್‌ಮೆಂಟ್‌ಗಳು, ಒಣಹಾಕಿದ ಬಟ್ಟೆ. ನಾನು ಅವನ್ನು ಬಿಟ್ಟು ಫೋಟೋ ತೆಗೆದೆ, ಅಕ್ಕ ಬೇಕಂತಲೇ ಸೇರಿಸಿ ತೆಗೆದಳು.

ಫೋರಂನ ಇಟ್ಟಿಗೆ ಅಳೆದ ವಾನ್ ಡೆಮನ್ ಈ ಕಾಲುವೆಗಳ ಹಿಂದೆಯೂ ವರ್ಷಗಟ್ಟಲೆ ಅಲೆದರು, ಪುರಾತತ್ವಜ್ಞ ಥಾಮಸ್ ಆಶ್ಬಿಯೂ ಅಲೆದರು. ಇಬ್ಬರೂ ತೆಗೆದ ಫೋಟೋಗಳಲ್ಲಿ ಅಂದ ಕಮ್ಮಿ, ವಿವರ ಜಾಸ್ತಿ. ತುಂಡಾದ ಒಂದು ಕಡೆ ಭಾವ ಕೈ ತೋರಿಸಿದರು. ಮೇಲೆ ಎರಡು ಕಾಲುವೆ, ಒಂದರ ತಲೆ ಮೇಲೆ ಇನ್ನೊಂದು. ಕೆಳಗಿನದು ಕ್ಲಾಡಿಯಾ, ಮೇಲಿನದು ಆನಿಯೊ ನೋವುಸ್. ಕಲ್ಲಿನ ಕಮಾನಿನೊಳಗೆ ಆಮೇಲೆ ಇಟ್ಟಿಗೆಯ ಕಮಾನು ತುರುಕಿದ್ದಾರೆ. "ಪ್ಲಾನ್ ಒಂದು ಫ್ಲೋರಿಗೆ, ಕಟ್ಟಿದ್ದು ಎರಡು. ತಡೀಲಿಲ್ಲ, ಪ್ಯಾಚ್ ಹಾಕಿದ್ದಾರೆ."

ಅವರ ಅನುಮಾನಕ್ಕೆ ಉತ್ತರ ಪೋರ್ತ ಮಜೋರೆಯಲ್ಲಿದೆ ಅಂತ ಕರೆದುಕೊಂಡು ಹೋದೆ. ಎರಡೂ ಕಾಲುವೆ ರೋಮ್ ಒಳಗೆ ಬರುತ್ತಿದ್ದ ಜಾಗ. ನೆತ್ತಿಯ ಮೇಲೆ ಮೂರು ಶಾಸನ. ಮೊದಲನೆಯದು ಕ್ಲಾಡಿಯಸ್‌ನದು, ಕ್ರಿ.ಶ. 52, ನೀರು ತಂದೆ ಅಂತ. ಎರಡನೆಯದು ವೆಸ್ಪಾಸಿಯನ್‌ನದು, 71. ಒಂಬತ್ತು ವರ್ಷ ನಿಂತುಹೋಗಿದ್ದನ್ನು ರಿಪೇರಿ ಮಾಡಿಸಿದೆ ಅಂತ. ಮೂರನೆಯದು ಟೈಟಸ್‌ನದು, 81, ಮತ್ತೆ ರಿಪೇರಿ. ಲೆಕ್ಕ ಹಾಕಿದರೆ, ಉದ್ಘಾಟನೆಯಾಗಿ ಹತ್ತು ವರ್ಷಕ್ಕೇ ಕೆಟ್ಟಿತ್ತು. ಭಾವ ಜೋರಾಗಿ ನಕ್ಕರು. "ಬಿಲ್ ಪಾಸ್ ಮಾಡಿದ ಇಂಜಿನಿಯರ್ ಯಾರಂತೆ?"

ದ್ವಾರದ ಹೊರಗಡೆ, ಟ್ರಾಮ್ ಹಳಿಗಳ ಪಕ್ಕ, ದುಂಡು ತೂತುಗಳ ವಿಚಿತ್ರ ಸಮಾಧಿಯೊಂದಿದೆ. ಪಿರನೇಸಿಗೆ ಇದು ಕಂಡಿರಲು ಸಾಧ್ಯವೇ ಇಲ್ಲ, ಅವನ ಕಾಲಕ್ಕೆ ಕೋಟೆಯ ಬುರುಜಿನೊಳಗೆ ಹೂತಿತ್ತು. 1838ರಲ್ಲಿ ಬುರುಜು ಕೆಡವಿದಾಗ ಹೊರಬಂತು. ಮೇಲಿನ ಪಟ್ಟಿಯಲ್ಲಿ ಹಿಟ್ಟು ಬೀಸುವುದು, ನಾದುವುದು, ಒಲೆಗೆ ಇಡುವುದು, ರೊಟ್ಟಿ ತೂಗುವುದು ಎಲ್ಲ ಕೆತ್ತಿದ್ದಾರೆ. ಯೂರಿಸಾಕೆಸ್ ಎಂಬ ಬೇಕರಿಯವನ ಸಮಾಧಿ. ಶಾಸನದಲ್ಲಿ ಅವನು ತನ್ನನ್ನು ಬೇಕರಿಯವನು, ಕಾಂಟ್ರಾಕ್ಟರ್ ಅಂತ ಕರೆದುಕೊಂಡಿದ್ದಾನೆ.

"ಕಾಂಟ್ರಾಕ್ಟರ್ ಅಂತಲೇ ಇದೆಯಾ?"

"ಅಂತಲೇ ಇದೆ ಭಾವ."

ಅಲ್ಲಿಯ ತನಕ ಎಲ್ಲೂ ನಿಂತು ಫೋಟೋ ತೆಗೆಸಿಕೊಳ್ಳದಿದ್ದ ಮನುಷ್ಯ ಫೈಲನ್ನು ನನ್ನ ಕೈಗೆ ಕೊಟ್ಟು, ಶರ್ಟ್ ಸರಿ ಮಾಡಿಕೊಂಡು ಬೇಲಿಯ ಹತ್ತಿರ ನಿಂತರು. ಟ್ರಾಮ್ ತಂತಿ ಅಡ್ಡ ಬರುತ್ತೆ, ಸ್ವಲ್ಪ ಈ ಕಡೆ ಬನ್ನಿ ಅಂದೆ. "ತಂತಿ ಇರ್ಲಿ ಬಿಡೋ" ಅಂದಳು ಅಕ್ಕ, "ಬೇಗ ತೆಗಿ, ಹಸಿವಾಗ್ತಿದೆ."